ಸೇವೆ ಹಲವು, ಹೊಣೆ ಯಾರದು?

ಪ್ರಶ್ನೆ: ನಮ್ಮೂರಿನ ಒಂಟಿ ವೃದ್ಧೆಯೊಬ್ಬರು ಪಿಂಚಣಿಗೆ ನಾಡಕಚೇರಿ, ಔಷಧಕ್ಕೆ ಆರೋಗ್ಯ ಕೇಂದ್ರ, ಪಡಿತರಕ್ಕೆ ನ್ಯಾಯಬೆಲೆ ಅಂಗಡಿ ಎಂದು ಅಲೆಯುತ್ತಿದ್ದಾರೆ. ಈ ಸೇವೆಗಳನ್ನು ಬೆಸೆಯುವ ವ್ಯವಸ್ಥೆ ಹೇಗಿರಬೇಕು?

ಉತ್ತರ: ಇದಕ್ಕಾಗಿ ಹೊಸ ಕಚೇರಿ ಬೇಕಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಗ್ರಾಮ ಪಂಚಾಯಿತಿಗೆ ಸಾಮಾಜಿಕ ನ್ಯಾಯ ಸಮಿತಿ ಇದೆ. ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಾದ ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಸಮಾಜ ಕಲ್ಯಾಣವೂ ಪಡಿತರ ವ್ಯವಸ್ಥೆಯೂ ಸೇರಿವೆ. ತೊಡಕಿರುವುದು ಉತ್ತರದಾಯಿತ್ವದಲ್ಲಿ: ಆಶಾ ಕಾರ್ಯಕರ್ತೆ ಆರೋಗ್ಯ ಇಲಾಖೆಗೆ, ಅಂಗನವಾಡಿ ಕಾರ್ಯಕರ್ತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ಪಿಂಚಣಿ ನೋಡುವವರು ಕಂದಾಯ ಇಲಾಖೆಗೆ ಲೆಕ್ಕ ಒಪ್ಪಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇವರೆಲ್ಲರೂ ತಿಂಗಳಿಗೊಮ್ಮೆ ಆ ಸಮಿತಿಯ ಮುಂದೆ ಕುಳಿತು, ಮನೆವಾರು ಒಂದೇ ದಾಖಲೆಯನ್ನು ಪರಿಶೀಲಿಸಿ, ಪ್ರತಿ ಪ್ರಕರಣಕ್ಕೂ ಒಬ್ಬರನ್ನು ಹೊಣೆಗಾರರನ್ನಾಗಿ ನೇಮಿಸಬೇಕು. ಬಾಕಿ ಅರ್ಜಿಗಳ ಸಂಖ್ಯೆಯನ್ನು, ಫಲಾನುಭವಿಗಳ ಹೆಸರು ಹೇಳದೆ, ಗ್ರಾಮಸಭೆಯಲ್ಲಿ ಓದಬೇಕು.