ವಚನದ ಅರ್ಧ ಮಾತ್ರ ಓದುವುದೇಕೆ?

ಓದುಗರೊಬ್ಬರ ಪತ್ರ: "ಗಂಡು ಗಂಡಿನ ಜೊತೆ ಮಲಗಬಾರದು ಅಂತ ಬೈಬಲ್ಲಿನ ಯಾಜಕಕಾಂಡದಲ್ಲಿದೆ. ಅದೇ ಪುಸ್ತಕ ಹಂದಿ ಮಾಂಸ ಬೇಡ, ಎರಡು ಬಗೆಯ ನೂಲಿನ ಬಟ್ಟೆ ಬೇಡ ಅಂತಲೂ ಹೇಳುತ್ತದೆ. ಉಳಿದದ್ದನ್ನೆಲ್ಲ ಬಿಟ್ಟು ಇದೊಂದನ್ನೇ ಹಿಡಿದುಕೊಳ್ಳುವುದು ಸರಿಯೇ? ನನ್ನ ತಂಗಿಯ ಮಗ ತಾನು ಸಲಿಂಗಿ ಎಂದು ಮನೆಯವರಿಗೆ ಹೇಳಿದ್ದಾನೆ. ಅವನನ್ನು ಮನೆಗೆ ಸೇರಿಸಬೇಡಿ ಎಂದು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ವಚನ ತೋರಿಸುತ್ತಿದ್ದಾರೆ. ಅವರಿಗೆ ಏನು ಹೇಳಲಿ?"

ಸಂಪಾದಕರ ಉತ್ತರ:

ಮೊದಲಿಗೆ, ಹಂದಿ ಮಾಂಸದ ವಾದವನ್ನು ಆ ಹಿರಿಯರ ಮುಂದೆ ಇಡಬೇಡಿ. ಅದಕ್ಕೆ ಅವರ ಹತ್ತಿರ ಉತ್ತರ ಸಿದ್ಧವಿರುತ್ತದೆ, ಅದು ಸುಮ್ನೆ ತಳ್ಳಿಹಾಕುವಂಥ ಉತ್ತರವೂ ಅಲ್ಲ. ಯೆಹೂದ್ಯರಲ್ಲದವರು ಕ್ರೈಸ್ತರಾದಾಗ ಸುನ್ನತಿ ಮಾಡಿಸಿಕೊಳ್ಳಬೇಕೇ, ಯಾಜಕಕಾಂಡವೂ ಸೇರಿದ ಮೋಶೆಯ ಧರ್ಮಶಾಸ್ತ್ರವನ್ನೆಲ್ಲ ಪಾಲಿಸಬೇಕೇ ಎಂಬ ಜಗಳ ಮೊದಲ ತಲೆಮಾರಿನಲ್ಲೇ ಎದ್ದಿತ್ತು. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ಓದಿ. ಯೆರೂಸಲೇಮಿನಲ್ಲಿ ಹಿರಿಯರು ಕೂಡಿ, ಬೇಕಿಲ್ಲ ಎಂದು ತೀರ್ಮಾನಿಸಿದರು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ, ಈ ನಾಲ್ಕನ್ನು ಬಿಟ್ಟರೆ ಸಾಕು ಎಂದರು. 13ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಆ ಧರ್ಮಶಾಸ್ತ್ರವನ್ನು ಮೂರು ಭಾಗ ಮಾಡಿದರು: ನೀತಿಯ ಕಟ್ಟಳೆ, ಪೂಜೆ-ಆಚರಣೆಯ ಕಟ್ಟಳೆ, ನ್ಯಾಯಾಲಯದ ಕಟ್ಟಳೆ. ನೀತಿಯದ್ದು ಎಲ್ಲ ಕಾಲಕ್ಕೂ ಸಲ್ಲುತ್ತದೆ, ಉಳಿದೆರಡರ ಕಾಲ ಮುಗಿಯಿತು. ಪ್ರೊಟೆಸ್ಟಂಟ್ ಚರ್ಚುಗಳಲ್ಲೂ ಬಹಳಷ್ಟು ಈ ವಿಂಗಡಣೆಯನ್ನೇ ಒಪ್ಪಿಕೊಂಡವು.

ಆದರೆ ಯಾಜಕಕಾಂಡದಲ್ಲಿ ಇಂಥ ಗೆರೆಗಳೇ ಇಲ್ಲ. 19ನೇ ಅಧ್ಯಾಯದ 18ನೇ ವಚನ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುತ್ತದೆ. ಅದರ ಮರುವಚನವೇ ನೀವು ಹೇಳಿದ ಎರಡು ನೂಲಿನ ಬಟ್ಟೆಯದು. ಹಿರಿಯರು ತೋರಿಸುವ 18:22ಕ್ಕಿಂತ ಮೂರೇ ವಚನ ಮೇಲೆ, ಮುಟ್ಟಾದ ಹೆಂಗಸಿನ ಜೊತೆ ಸೇರಬಾರದು ಎಂದಿದೆ. ಅದು ಯಾವ ಭಾಗಕ್ಕೆ ಸೇರಿದ್ದು? ಅದರ ಮೇಲೆ ಯಾರಾದರೂ ಪ್ರಸಂಗ ಮಾಡಿದ್ದನ್ನು ಕೇಳಿದ್ದೀರಾ?

ಇನ್ನು 20:13. ಅಲ್ಲಿ ಅದೇ ತಪ್ಪಿಗೆ ಮರಣದಂಡನೆ ಹೇಳಿದೆ. ತಂದೆ ತಾಯಿಯನ್ನು ಶಪಿಸಿದವನಿಗೂ, ವ್ಯಭಿಚಾರ ಮಾಡಿದವರಿಗೂ ಅದೇ ಶಿಕ್ಷೆ. ಹಿರಿಯರಿಗೆ ಈ ವಚನವನ್ನು ಕೊನೆಯವರೆಗೂ ಜೋರಾಗಿ ಓದಲು ಹೇಳಿ. ನಿಮ್ಮ ತಂಗಿಯ ಮಗನ ಸಾವನ್ನು ಅವರು ಖಂಡಿತ ಬಯಸುವುದಿಲ್ಲ. ವಚನದ ಅರ್ಧವನ್ನು ಬಿಟ್ಟವರು ಅವರೇ. ಹಾಗೆ ಬಿಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಯಾವ ನಿಯಮದ ಮೇಲೆ ಬಿಟ್ಟರು, ಆ ನಿಯಮ ಉಳಿದರ್ಧದ ಬಗ್ಗೆ ಏನು ಹೇಳುತ್ತದೆ ಎಂಬುದಕ್ಕೆ ಅವರು ಉತ್ತರ ಕೊಡಬೇಕು, ಅಲ್ವಾ?

ನಿಜವಾದ ಚರ್ಚೆ ಇರುವುದು ಮೊದಲ ತಲೆಮಾರಿನ ಕ್ರೈಸ್ತ ಬೋಧಕ ಪೌಲನ ಪತ್ರಗಳಲ್ಲಿ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಗಂಡಸರ ನಡುವಿನ ಕಾಮವನ್ನು ಅವನು ಖಂಡಿಸುತ್ತಾನೆ. ಇದು ಸೃಷ್ಟಿಯ ಕ್ರಮಕ್ಕೇ ವಿರುದ್ಧ, ಹಾಗಾಗಿ ಎಂದೆಂದಿಗೂ ಪಾಪ ಎನ್ನುತ್ತಾರೆ ಹಲವರು. ಪೌಲ ಕಂಡದ್ದು ವಿಗ್ರಹಾರಾಧನೆಯ ಜೊತೆಗಿದ್ದ ಸ್ವೇಚ್ಛೆಯನ್ನು, ಒಡೆಯರು ಗುಲಾಮರನ್ನೂ ಹುಡುಗರನ್ನೂ ಬಳಸಿಕೊಳ್ಳುತ್ತಿದ್ದುದನ್ನು; ಇಬ್ಬರು ಸಮಾನರು ಕೊನೆತನಕ ಜೊತೆಗಿರುವ ಬಾಳು ಅವನ ಮುಂದಿರಲಿಲ್ಲ ಎನ್ನುತ್ತಾರೆ ಇನ್ನು ಕೆಲವರು. ನನಗೆ ಒಪ್ಪಿಗೆಯಾಗುವುದು ಎರಡನೆಯದು. ಮೊದಲನೆಯದನ್ನು ನಂಬುವವರೆಲ್ಲ ದ್ವೇಷದಿಂದ ನಂಬುತ್ತಾರೆ ಎಂದು ಮಾತ್ರ ನಾನು ಹೇಳಲಾರೆ. ಆದರೆ ಅವರೂ ಮುಂದಕ್ಕೆ ಓದಬೇಕು. ಪೌಲನ ಪಟ್ಟಿ ದುರಾಸೆ, ಹೊಟ್ಟೆಕಿಚ್ಚು, ಚಾಡಿ ಮಾತು ಎಂದು ಬೆಳೆಯುತ್ತಾ ಹೋಗುತ್ತದೆ. ಎರಡನೇ ಅಧ್ಯಾಯದ ಮೊದಲ ಸಾಲಿನಲ್ಲೇ ಅವನು ತೀರ್ಪು ಕೊಡುವವನ ಕಡೆ ತಿರುಗಿ, ನೀನೂ ಅದನ್ನೇ ಮಾಡುತ್ತೀಯ ಎನ್ನುತ್ತಾನೆ. ಅಧ್ಯಾಯಗಳ ಈ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಪೌಲ ಅಲ್ಲಿ ನಿಲ್ಲಿಸಿರಲೇ ಇಲ್ಲ.

ವಿಚ್ಛೇದನದ ವಿಷಯವನ್ನೂ ನೋಡಿ. ಸಲಿಂಗಕಾಮದ ಬಗ್ಗೆ ಯೇಸು ಆಡಿದ ಒಂದು ಮಾತೂ ಅವನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿಲ್ಲ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗುವವನು ವ್ಯಭಿಚಾರ ಮಾಡುತ್ತಾನೆ ಎಂದು ಮಾತ್ರ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಖಡಾಖಂಡಿತವಾಗಿ ಹೇಳಿದ್ದಾನೆ. ಆದರೂ ಎಷ್ಟೋ ಚರ್ಚುಗಳು ವಿಚ್ಛೇದಿತರಿಗೆ ಮರುಮದುವೆ ಮಾಡಿಸುತ್ತವೆ. ಬಹಳ ಜನರಿಗೆ ಬೇಕಾದ ಕಡೆ ಕರುಣೆಗೆ ದಾರಿ ಸಿಗುತ್ತದೆ. ಕೆಲವೇ ಜನರಿಗೆ ಬೇಕಾದಾಗ ವಚನ ಕಲ್ಲಾಗುತ್ತದೆ. ನನಗೆ ಜಾಸ್ತಿ ನೋವು ಕೊಡುವುದು ಇದೇ.

ಇಂದು ಚರ್ಚುಗಳು ಒಂದೇ ಮಾತಿನಲ್ಲಿಲ್ಲ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚ್ ಸಲಿಂಗಿ ಪಾದ್ರಿಗಳ ಮೇಲಿದ್ದ ನಿಷೇಧವನ್ನು 2024ರಲ್ಲಿ ತೆಗೆದುಹಾಕಿತು. ಕ್ಯಾಥೊಲಿಕ್ ಚರ್ಚ್ ಸಲಿಂಗ ಸಂಬಂಧವನ್ನು ಇಂದಿಗೂ ತಪ್ಪೆಂದೇ ಕಲಿಸುತ್ತದೆ. ಆದರೆ 1992ರ ಅದರ ಧರ್ಮೋಪದೇಶ ಗ್ರಂಥವೇ, ಸಲಿಂಗಿಗಳನ್ನು ಗೌರವದಿಂದ, ಕರುಣೆಯಿಂದ ಬರಮಾಡಿಕೊಳ್ಳಬೇಕು, ಅವರ ಮೇಲೆ ಅನ್ಯಾಯದ ತಾರತಮ್ಯ ಕೂಡದು ಎಂದೂ ಹೇಳುತ್ತದೆ. ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು ಪೋಪ್ ಫ್ರಾನ್ಸಿಸ್ 2023ರಲ್ಲಿ ಬಾಯಿಬಿಟ್ಟು ಹೇಳಿದರು.

ಅಂದರೆ, ಪಾಪ ಎಂದು ಕಲಿಸುವ ಚರ್ಚು ಕೂಡ ಬಾಗಿಲು ಹಾಕಿ ಎಂದು ಹೇಳುತ್ತಿಲ್ಲ. ಹಿರಿಯರಿಗೆ ಇಷ್ಟನ್ನು ಮರ್ಯಾದೆಯಿಂದಲೇ ತಿಳಿಸಿ. ಅವರು ಒಪ್ಪದಿದ್ದರೆ ವಾದ ಬೆಳೆಸಬೇಡಿ. ಅದಕ್ಕಿಂತ ಮೊದಲು ಹುಡುಗನಿಗೆ ಫೋನ್ ಮಾಡಿ, ಮನೆಗೆ ಬರಲು ಹೇಳಿ.