ಮಂಡಿ ನೋವಿಗೆ ಜೆಲ್, ಮಾತ್ರೆ, ವ್ಯಾಯಾಮ, ಇಂಜೆಕ್ಷನ್: ಯಾವುದು ಮೊದಲು?

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ನೋವುಗಳಿವೆ. ಮೆಟ್ಟಿಲು ಹತ್ತುವಾಗ ಹಿಡಿಯುವ, ಸವೆತ ಅಂತ ವೈದ್ಯರು ಹೇಳಿರುವ ಮಂಡಿ ಒಂದು. ಕೂತು ಕೂತು ಬಿಗಿದ ಕತ್ತು ಇನ್ನೊಂದು. ಜೆಲ್ ಹಚ್ಚಿ ಪ್ರಯೋಜನವಾಗಲಿಲ್ಲ, ಇನ್ನು ದಿನಾ ಮಾತ್ರೆ ತಗೊಳ್ಳಲೋ, ಇಂಜೆಕ್ಷನ್ ಹಾಕಿಸಲೋ ಅಂತ ಕೇಳಿದ್ದೀರಿ. ಜೆಲ್ ಎಷ್ಟು ಹಚ್ಚಿದಿರಿ ಅನ್ನುವುದನ್ನು ಮೊದಲು ನೋಡಿ. ಹೆಚ್ಚಿನವರು ಎಡವುವುದು ಅಲ್ಲೇ.

ಡೈಕ್ಲೋಫಿನಾಕ್ 1% ಜೆಲ್ ಆದರೆ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂವರೆಗೆ, ದಿನಕ್ಕೆ ನಾಲ್ಕು ಸಲ. ಈ ಲೆಕ್ಕದಲ್ಲಿ 30 ಗ್ರಾಂ ಟ್ಯೂಬು ಎರಡೇ ದಿನಕ್ಕೆ ಖಾಲಿ. ನಿಮ್ಮ ಟ್ಯೂಬು ತಿಂಗಳುಗಟ್ಟಲೆ ಬಂದಿದ್ದರೆ ನೀವು ಹಚ್ಚಿದ್ದು ಔಷಧಿಯ ವಾಸನೆ ಅಷ್ಟೇ. ಕಡಲೆ ಕಾಳಿನಷ್ಟು ಸಾಲದು. ಮಂಡಿಯ ಮುಂದೆ, ಎರಡೂ ಪಕ್ಕ, ಹಿಂದೆ ಎಲ್ಲ ಕಡೆ ಸವರಬೇಕು. ಕೈ ತೊಳೆಯಿರಿ, ಹಚ್ಚಿದ ಜಾಗಕ್ಕೆ ಒಂದು ಗಂಟೆ ನೀರು ತಾಗಿಸಬೇಡಿ, ಅದರ ಮೇಲೆ ಶಾಖ ಕೊಡಬೇಡಿ. ಒಂದು ವಾರ ಬಿಡದೆ ಹಚ್ಚಿದ ಮೇಲೆ ತೀರ್ಮಾನಿಸಿ. ಹಚ್ಚಿದ ತಕ್ಷಣ ತಣ್ಣಗಾಗುವುದು ಹೆಚ್ಚಾಗಿ ಜೆಲ್‌ಗೆ ಬೆರೆಸಿರುವ ಮೆಂಥಾಲ್‌ನಿಂದ. ಅದನ್ನು ನೋಡಿ ಜೆಲ್ ಕೆಲಸ ಮಾಡುತ್ತಿದೆ ಅಂದುಕೊಳ್ಳಬೇಡಿ. ಮಂಡಿ, ಬೆರಳಿನಂಥ ಚರ್ಮಕ್ಕೆ ಹತ್ತಿರದ ಕೀಲಿಗೆ ಜೆಲ್ ಸರಿ. ಸೊಂಟದ ಕೀಲು ತುಂಬಾ ಒಳಗಿದೆ, ಅಲ್ಲಿಗೆ ಮುಟ್ಟುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದೇ ಔಷಧಿಯನ್ನು ಮಾತ್ರೆಯಾಗಿ ನುಂಗಿದಾಗ ರಕ್ತಕ್ಕೆ ಸೇರುವುದರ ಸುಮಾರು ಶೇ. 6ರಷ್ಟು ಮಾತ್ರ ಜೆಲ್‌ನಿಂದ ಸೇರುತ್ತದೆ. ಐಬುಪ್ರೊಫೆನ್, ಡೈಕ್ಲೋಫಿನಾಕ್ ಮಾತ್ರೆಗಳು ಹೊಟ್ಟೆ ಹುಣ್ಣು, ಕಿಡ್ನಿ, ಹೃದಯ ಮೂರಕ್ಕೂ ತೊಂದರೆ ಕೊಡಬಲ್ಲವು. ಬಿಪಿಗೆ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಥರದ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ನಡೆಯುತ್ತಿದ್ದರೆ ಇವು ಸೇರಿದಾಗ ಕಿಡ್ನಿಗೆ ಮೂರು ಕಡೆಯ ಏಟು. ಅಂಥವರು ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ತಗೋಬಾರದು. ಬೇರೆಯವರು ನೋವು ಜಾಸ್ತಿಯಾದ ಕೆಲವು ದಿನ ಮಾತ್ರ, ಊಟವಾದ ಮೇಲೆ ತಗೊಳ್ಳಲಿ. ಪ್ಯಾರಸಿಟಮಾಲ್ ಹೊಟ್ಟೆಗೆ ಸೌಮ್ಯ, ಆದರೆ ಸವೆದ ಮಂಡಿಗೆ ಅದರ ಉಪಯೋಗ ತೀರಾ ಕಡಿಮೆ. ದಿನಕ್ಕೆ 4 ಗ್ರಾಂ ದಾಟುವಂತಿಲ್ಲ, ಶೀತದ ಮಾತ್ರೆಯಲ್ಲಿರುವುದನ್ನೂ ಸೇರಿಸಿ ಎಣಿಸಿ.

ಮಂಡಿಯನ್ನು ನಿಜವಾಗಿ ಹಗುರ ಮಾಡುವುದು ತೊಡೆಯ ಸ್ನಾಯು. ಬೆನ್ನ ಮೇಲೆ ಮಲಗಿ, ನೋವಿಲ್ಲದ ಕಾಲನ್ನು ಮಡಚಿ, ಇನ್ನೊಂದನ್ನು ನೇರ ಚಾಚಿ. ಮೊದಲು ತೊಡೆಯ ಮುಂಭಾಗ ಬಿಗಿಮಾಡಿ, ಆಮೇಲೆ ಕಾಲನ್ನು ಒಂದು ಅಡಿ ಎತ್ತಿ, ಐದು ಎಣಿಸಿ, ಮೆಲ್ಲಗೆ ಇಳಿಸಿ. ಹತ್ತು ಸಲಕ್ಕೆ ಒಂದು ಸುತ್ತು, ದಿನಕ್ಕೆ ಎರಡು-ಮೂರು ಸುತ್ತು. ಎಡವಟ್ಟಾಗುವುದು ಎಲ್ಲಿ ಅಂದರೆ, ಬಿಗಿಮಾಡದೆ ಕಾಲನ್ನು ರಪ್ಪನೆ ಎಸೆಯುತ್ತಾರೆ. ಆಗ ಮಂಡಿ ಬಗ್ಗಿ ಕೆಲಸವೆಲ್ಲ ಸೊಂಟದ ಪಾಲಾಗುತ್ತದೆ. ಉಸಿರು ಹಿಡಿಯುವುದೂ ಬೇಡ. ಸುಲಭ ಅನ್ನಿಸಿದ ಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಶುರುಮಾಡಿ. ಹತ್ತರಲ್ಲಿ ನಾಲ್ಕರಷ್ಟು ನೋವು ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಇಳಿಯದಿದ್ದರೆ ಅರ್ಧ ಕಡಿಮೆ ಮಾಡಿ, ನಿಲ್ಲಿಸಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಮೂರನೇ ವಾರಕ್ಕೇ ಕೈಬಿಟ್ಟು ‘ಫಿಸಿಯೋಥೆರಪಿ ಕೆಲಸ ಮಾಡಲಿಲ್ಲ’ ಅನ್ನುವವರೇ ಜಾಸ್ತಿ. ತೂಕ ಹೆಚ್ಚಿದ್ದರೆ ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

ಕತ್ತಿಗೆ ಇಷ್ಟೆಲ್ಲ ಬೇಡ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲ 15–20 ನಿಮಿಷ ಇಟ್ಟು, ಬಿಗಿತ ಸಡಿಲವಾದ ಕೂಡಲೇ ಕತ್ತನ್ನು ಎರಡೂ ಕಡೆ ನಿಧಾನವಾಗಿ ತಿರುಗಿಸಿ. ಅರ್ಧ ಗಂಟೆಗೊಮ್ಮೆ ಎದ್ದೇಳಿ. ಶುಗರ್‌ನಿಂದ ಚರ್ಮದ ಸ್ಪರ್ಶ ಕಡಿಮೆಯಾಗಿದ್ದರೆ ಶಾಖ ಬೇಡ, ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಐಸ್ ಬೇಕಾಗುವುದು ಉಳುಕಿದ, ಊದಿಕೊಂಡ ಮೊದಲ ಎರಡು ದಿನ.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಹೇಳುವುದಾದರೆ, ಆರಾಮ ಸಿಗುವುದು ಕೆಲವು ವಾರಗಳಿಗೆ. ನನ್ನ ಪ್ರಕಾರ ಅದಕ್ಕೊಂದೇ ಒಳ್ಳೆಯ ಸಮಯ: ನೋವಿನಿಂದ ವ್ಯಾಯಾಮ ಶುರುಮಾಡಲೂ ಆಗದಿದ್ದಾಗ. ಮಧುಮೇಹವಿದ್ದರೆ ಹಾಕಿಸಿಕೊಂಡ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ದಿನವೂ ನೋಡಿಕೊಳ್ಳಿ. ಕೀಲು ಸರಾಗವಾಗಲಿ ಅಂತ ಹಾಕುವ ಹಯಲುರಾನಿಕ್ ಆಮ್ಲದ ಇಂಜೆಕ್ಷನ್, ಸವೆತಕ್ಕೆ ಅಂತ ಮಾರುವ ಗ್ಲುಕೋಸಮೈನ್ ಮಾತ್ರೆ ಎರಡನ್ನೂ ನಾನಾದರೆ ಬಿಟ್ಟುಬಿಡುತ್ತೇನೆ.

ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಇದ್ಯಾವುದನ್ನೂ ಮಾಡುತ್ತ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಕೀಲಿನೊಳಗೆ ಸೋಂಕಾಗಿರಬಹುದು. ಬೆಳಗಿನ ಬಿಗಿತ ಒಂದು ಗಂಟೆ ದಾಟಿ, ಬೆರಳಿನ ಗೆಣ್ಣುಗಳೂ ಊದುತ್ತಿದ್ದರೆ ಅದು ಬಹುಶಃ ಸವೆತವಲ್ಲ, ಸಂಧಿವಾತದ (ರುಮಟಾಯ್ಡ್ ಆರ್ಥ್ರೈಟಿಸ್) ರಕ್ತಪರೀಕ್ಷೆ ಆಗಬೇಕು.

ಕೋಲು ಹಿಡಿಯುವುದಾದರೆ ನೋವಿರುವ ಮಂಡಿಯ ಎದುರು ಕೈಯಲ್ಲಿ ಹಿಡಿಯಿರಿ. ಬಲಮಂಡಿ ನೋಯುತ್ತಿದ್ದರೆ ಎಡಗೈ.