ಅಪ್ಪನಿಗೆ ಗ್ಲಾಕೋಮಾ, ಹೊಸ್ತಿಲಿಗೆ ಎಡವುತ್ತಾರೆ ಅಂದಿರಲ್ಲ, ಅದಕ್ಕೆ

ಸಿಂಧನೂರಿನಲ್ಲಿರೋ ನಿಮ್ಮ ಅಪ್ಪ ಟಿವಿ ಆರಾಮಾಗಿ ನೋಡ್ತಾರೆ, ಆದ್ರೆ ಹೊಸ್ತಿಲು, ಕೊಡ, ಕಟ್ಟೆ ಎಲ್ಲಕ್ಕೂ ತಾಗುತ್ತಾರೆ, ಸುಮ್ನೆ ನಾಟಕ ಅಂತ ಮನೆಯವರು ಬೈತಾರೆ ಅಂತ ಬರೆದಿದ್ದೀರಿ. ನಾಟಕ ಅಲ್ಲ. ಗ್ಲಾಕೋಮಾ ಅಂದ್ರೆ ಕಣ್ಣಿನ ನರ ಹಾಳಾಗ್ತಾ ಹೋಗೋ ಕಾಯಿಲೆ, ಅದರಲ್ಲಿ ಸಾಮಾನ್ಯವಾಗಿ ಮೊದಲು ಹೋಗೋದು ಅಕ್ಕಪಕ್ಕದ ನೋಟ, ನೇರ ನೋಟ ಬಹಳ ಕಾಲ ಉಳಿಯುತ್ತೆ. ದಯವಿಟ್ಟು ಬೈಯೋದನ್ನ ಇವತ್ತೇ ನಿಲ್ಲಿಸಿ.

ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದಿದ್ದನ್ನ ಕಾಯೋಕೆ ಡ್ರಾಪ್ಸ್ ಬೇಕೇ ಬೇಕು, ಒಂದು ದಿನವೂ ತಪ್ಪಿಸಬೇಡಿ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನ ಬೆರಳಿಂದ ಮೆತ್ತಗೆ 2 ನಿಮಿಷ ಒತ್ತಿ ಹಿಡಿಯಿರಿ, ಇಲ್ಲಾಂದ್ರೆ ಔಷಧ ಮೂಗು, ಗಂಟಲಿಗೆ ಇಳಿದುಬಿಡುತ್ತೆ. ಎರಡು ಥರದ ಡ್ರಾಪ್ಸ್ ಇದ್ರೆ ನಡುವೆ 5 ನಿಮಿಷ ಬಿಡಿ.

ಹೊಸ್ತಿಲಿಗೆ, ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಸಿ. ನಮ್ಮ ರಾಯಚೂರು ಕಡೆಯ ಬಿಸಿಲಿಂದ ಪಡಸಾಲೆಗೆ ಕಾಲಿಟ್ಟರೆ ನಮಗೇ ಕತ್ತಲೆ ಬರುತ್ತೆ, ಅವರಿಗೆ ಇನ್ನೂ ಜಾಸ್ತಿ ಅಲ್ವಾ, ಹಗಲಲ್ಲೂ ಬಾಗಿಲ ಹತ್ತಿರ ಲೈಟ್ ಇರಲಿ. ಸಾಮಾನು ಜಾಗ ಬದಲಿಸಬೇಡಿ.

ಸಂತೆಗೆ ಹೋಗೋದನ್ನ ಮಾತ್ರ ಬಿಡಿಸಬೇಡಿ, ಜೊತೆಗೆ ಒಬ್ಬರು ಹೋಗಿ. ದುಡ್ಡು ಅವರ ಕೈಯಲ್ಲೇ ಇರಲಿ. ಈಗಿನ 500ರ ನೋಟಿನ ಅಂಚಿನಲ್ಲಿ 5 ಉಬ್ಬು ಗೆರೆ, 100ರದ್ದಕ್ಕೆ 4, ಹೊಸ ನೋಟಿನಲ್ಲಿ ಬೆರಳಾಡಿಸಿ ತೋರಿಸಿ.

ಮತ್ತೆ ಇದು ಮನೆತನದಲ್ಲಿ ಬರೋ ಕಾಯಿಲೆ. ನೀವು, ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಒಮ್ಮೆ ಕಣ್ಣಿನ ಒತ್ತಡ, ಕಣ್ಣಿನ ನರ ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಮೊದಮೊದಲು ನೋವೂ ಇರಲ್ಲ, ಗೊತ್ತೂ ಆಗಲ್ಲ.